ಎರಡು ಬಾಯಿಯ ಅಂಗಿ

ಜೆಪ್ಪುವಿನ ತಿರುವಿನಲ್ಲಿ ಸೆವ್ರಿನ್ ಬಾಯಮ್ಮನ ಟೈಲರಂಗಡಿ.
ಎರಡು ಮೆಷಿನು, ಒಂದು ಇಸ್ತ್ರಿ ಮೇಜು,
ಮೂಲೆಯ ಸ್ಟೂಲಿನಲ್ಲಿ ನಾನು, ಕಾಜಾ-ಗುಂಡಿಯ ವಾರಿಜಾ.
ನಲವತ್ತು ಕಾಜಾ ಮುಗಿದ ಮೇಲೆ
ಕಣ್ಣಿಗೆ ಗೋಡೆಯೇ ಗತಿ.

ಆ ಗೋಡೆಯ ಮೇಲೆ ಒಂದು ಸೌತೆಬೀಜ ನಡೆಯುತ್ತಿತ್ತು.

ಬೀಜವಲ್ಲ, ಚೀಲ.
ಚಪ್ಪಟೆ; ನಡು ಅಗಲ, ತುದಿಗಳೆರಡೂ ಸಪೂರ.
ಒಂದು ತುದಿಯಿಂದ ಕಂದು ತಲೆ ಇಣುಕಿ
ಆರು ಕಾಲುಗಳಲ್ಲಿ ಸುಣ್ಣವನ್ನು ಹಿಡಿದು
ಮನೆಯನ್ನು ಕೂದಲೆಳೆಯಷ್ಟು ಎಳೆದು, ನಿಂತು,
ಮತ್ತೆ ಎಳೆದು.

ಸೂಜಿಯ ಹಿಂಬದಿಯಿಂದ ಮುಟ್ಟಿದೆ.
ತಲೆ ಒಳಗೆ.
ಕಾದೆ, ಒಂದು ಕಾಜಾ ಹೊಲಿಯುವಷ್ಟು ಹೊತ್ತು.
ಬಂತಪ್ಪ, ಆಚೆ ತುದಿಯಿಂದ!
ಹಿಂದು ಮುಂದು ಇಲ್ಲದ ಅಂಗಿ.
ಕಾಲರು ಎಲ್ಲಿ, ಅಂಚು ಎಲ್ಲಿ ಎಂದು
ತಗಾದೆ ಮಾಡುವ ಗಿರಾಕಿ ಇಲ್ಲ.

"ಪತಂಗದ ಹುಳ ಅದು.
ಜೇಡ ಬಿಟ್ಟುಹೋದ ಬಲೆ, ನಮ್ಮ ತಲೆಯಿಂದ ಉದುರಿದ್ದು,
ಅದೇ ಅದರ ಊಟ. ಗುಡಿಸು" ಎಂದರು ಬಾಯಮ್ಮ.
ಗುಡಿಸಿದೆ. ಹನ್ನೊಂದು ಸಿಕ್ಕವು.
ಹನ್ನೆರಡನೆಯದು ಕ್ಯಾಲೆಂಡರಿನ ಹಿಂದೆ ಇತ್ತು.
ಕಾಣಲಿಲ್ಲ ಎಂದೆ.

ನಮ್ಮ ಬಚ್ಚಲಿನಲ್ಲಿಯೂ ಇವೆ, ಬರೀ ಮಣ್ಣು ಬಣ್ಣದವು,
ಮರಳು ಕಣ, ಧೂಳು, ಉದುರಿದ ಗಾರೆ.
ಇದು ಅಂಗಡಿಯಲ್ಲಿ ಹುಟ್ಟಿದ್ದು. ಸೋಕಿನದು.
ಎರಡೂ ತುದಿಗೆ ಕಾನ್ವೆಂಟು ಮಕ್ಕಳ ಯೂನಿಫಾರ್ಮಿನ ನೀಲಿ,
ಅದು ಜೂನಿನದು.
ನೀಲಿಯ ಒಳಗೆ ಮೇ ತಿಂಗಳ ಮದುಮಗಳ ಸಾಡೊ ಸೀರೆಯ ಕೆಂಪು.
ಕೆಂಪಿನ ಒಳಗೆ ಕಪ್ಪು ಉಣ್ಣೆ.
ಆಹಾ, ಕಳ್ಳ!
ಹಡಗಿನಲ್ಲಿ ಅಡಿಗೆಗಿದ್ದ ಲಿಗೋರಿ ಪೊರ್ಬುಗಳ ಕೋಟು,
ಮೊಮ್ಮಗನ ಅಳತೆಗೆ ಸಣ್ಣ ಮಾಡಲು ಕೊಟ್ಟದ್ದು,
ತೋಳಿನಲ್ಲಿ ಬಟಾಣಿಯಷ್ಟು ತೂತು.
ಇಲಿಗೆ ಎಷ್ಟು ಬೈಗುಳ ಬಿದ್ದಿತ್ತು ಅವತ್ತು!
ರಫು ಹಾಕಿದವಳು ನಾನು.

ಎಲ್ಲದರ ನಡುವೆ,
ಅದು ಇನ್ನೂ ಸಾಸಿವೆಯಷ್ಟು ಇದ್ದಾಗ ಹೆಣೆದ ಮೊದಲ ಪಟ್ಟಿ
ಎಳೆ ಬಸಳೆ ದಂಟಿನ ಬಣ್ಣ.
ಯಾರ ರವಿಕೆ?
ತಡೆಯಲಾರದೆ ಬಾಯಮ್ಮನನ್ನೇ ಕರೆದೆ.
ಬೈಯಲಿಲ್ಲ. ಕನ್ನಡಕ ಹಾಕಿ, ಕ್ಯಾಲೆಂಡರು ಎತ್ತಿ ಹಿಡಿದು
ತುಂಬ ಹೊತ್ತು ನೋಡಿದರು.
ರಶೀದಿ ಪುಸ್ತಕಕ್ಕೆ ಅಂಟಿಸಿದ ಬಟ್ಟೆ ತುಂಡುಗಳಲ್ಲಿ ಹುಡುಕಿದರು,
ಮಾರ್ಚ್, ಫೆಬ್ರವರಿ, ಕ್ರಿಸ್‌ಮಸ್‌ವರೆಗೆ ಹಿಂದಕ್ಕೆ.
ಎಲ್ಲಿಯೂ ಇಲ್ಲ.
"ಇಲ್ಲಿ ಕೊಟ್ಟದ್ದೇ ಅಲ್ಲ. ಯಾರೋ ಉಟ್ಟುಕೊಂಡು ಬಂದದ್ದು" ಎಂದರು ಕೊನೆಗೆ.
"ಕೂತಿದ್ದಾಳೆ, ಎದ್ದು ಹೋಗಿದ್ದಾಳೆ."

ಆಟಿ ತಿಂಗಳು ಬಂತು. ಗೋಡೆ ಬೆವರಿತು,
ಉಪ್ಪಿನ ಡಬ್ಬದಲ್ಲಿ ನೀರು.
ಹುಳ ಮಾಡಿನ ಹತ್ತಿರ ಹೋಗಿ
ಚೀಲವನ್ನು ನೂಲಿನಲ್ಲಿ ಗೋಡೆಗೆ ಟಾಕಿ ಹಾಕಿಕೊಂಡಿತು.
ತಲೆ ಈಚೆಯಿಂದಲೂ ಇಲ್ಲ, ಆಚೆಯಿಂದಲೂ ಇಲ್ಲ.

ಹದಿಮೂರನೆಯ ದಿನ ಬಾಗಿಲು ತೆಗೆದಾಗ
ಒಂದು ಬಾಯಿಯಿಂದ ಕಂದು ಸಿಪ್ಪೆ ಜೋತು ಬಿದ್ದಿತ್ತು.
ಪಕ್ಕದಲ್ಲಿ ಅದು.
ಕುಚ್ಚಲಕ್ಕಿ ಕಾಳಿನಷ್ಟುದ್ದ. ಬೂದು.
ಮಾಡಿನ ಹಾಗೆ ಇಳಿಬಿಟ್ಟ ರೆಕ್ಕೆ,
ಮೂರೋ ನಾಲ್ಕೋ ಕಪ್ಪು ಚುಕ್ಕೆ,
ಅಂಚಿಗೆ ಉದ್ದ ಕೂದಲಿನ ಕುಚ್ಚು.
ಅಷ್ಟೇ.
ನೀಲಿ ಇಲ್ಲ, ಸಾಡೊದ ಕೆಂಪಿಲ್ಲ, ಬಸಳೆಯೂ ಇಲ್ಲ.
ತಿಂಗಳುಗಟ್ಟಲೆ ಹೊತ್ತದ್ದು ಒಂದು ಎಳೆಯೂ ಮೈಗೆ ಹತ್ತಿರಲಿಲ್ಲ.

ಟ್ಯೂಬ್‌ಲೈಟು ಹಾಕಿದೆ, ಬರುತ್ತದೆಂದು.
ಬೆಳಕಿಗೆ ಬಂದು ಸಾಯುವ ಜಾತಿಯಲ್ಲ ಇದು.
ಹಾರಿದ್ದನ್ನೂ ಕಾಣಲಿಲ್ಲ ನಾನು.
ಸರಸರ ನಡೆದು ಕಪಾಟಿನ ಹಿಂದಿನ ಕತ್ತಲೆಗೆ ಹೋಯಿತು.
ಒಂದು ವಾರದ ಆಯುಸ್ಸಂತೆ.
ಗೋಡೆಯ ಬಿರುಕಿನ ಕಸಕ್ಕೆ ಮೊಟ್ಟೆ ಅಂಟಿಸಿ ಮುಗಿಯುತ್ತದಂತೆ.
ಕಪಾಟು ಸರಿಸಲು ಇಬ್ಬರೂ ಹೋಗಲಿಲ್ಲ.

ಚೀಲವನ್ನು ಬಿಡಿಸಿ ಗುಂಡಿ ಡಬ್ಬದಲ್ಲಿ ಇಟ್ಟೆ.
ಸಿಪ್ಪೆ ಎಲ್ಲಿ ಉದುರಿತೋ.

ಮೊನ್ನೆ ಕರೆಂಟು ಹೋದಾಗ
ಯಾರದೋ ಶರಟಿನ ಕೊನೆಯ ಗುಂಡಿಗೆಂದು ತಡಕಿ
ಸಿಕ್ಕಿದ್ದನ್ನು ಬೆರಳಲ್ಲಿ ಹಿಡಿದು ತೂತು ಹುಡುಕಿದೆ.
ಎರಡು ಇದ್ದವು.
ಸೂಜಿ ಒಂದರಿಂದ ಹೊಕ್ಕು
ಇನ್ನೊಂದರಿಂದ ಹೊರಗೆ ಬಂತು.